ಓದುಗರ ಪ್ರಶ್ನೆ, ಅಕ್ಕನ ಉತ್ತರ: ರಾತ್ರಿ ಪಾಳಿ ಬಿಟ್ಟು ಬ್ರೆಜಿಲ್‌ಗೆ ಹೋಗ್ಲಾ?

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಮೂಡಿಗೆರೆ ತಾಲ್ಲೂಕಿನವನು, ವಯಸ್ಸು 29. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನೀಲಿ ಕೆಲಸ, ಕೊರೊನಾ ಟೈಮಲ್ಲಿ ಊರಿಗೆ ಬಂದವನು ವಾಪಸ್ ಹೋಗ್ಲೇ ಇಲ್ಲ, ಮನೆಯಿಂದಾನೇ ಮಾಡ್ತಿದೀನಿ. ಕ್ಲೈಂಟ್ ಅಮೆರಿಕದವ್ರು, ಹಾಗಾಗಿ ಸಂಜೆ ಆರೂವರೆಗೆ ಕೂತ್ರೆ ಬೆಳಗಿನ ಜಾವ ಮೂರೂವರೆಗೆ ಏಳೋದು. ಹಗಲು ನಿದ್ದೆ ಬರಲ್ಲ, ತೋಟದ ಆಳುಗಳು ಬರೋ ಹೊತ್ತು, ನಾಯಿ ಬೊಗಳೋದು, ಮಿಕ್ಸಿ ಸದ್ದು, ಅಮ್ಮ ಪಾಪ ಮೆಲ್ಲಗೆ ಓಡಾಡ್ತಾರೆ ಆದ್ರೂ ಆಗಲ್ಲ. ಈಗ ಬಿಪಿ ಶುರುವಾಗಿದೆ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಎರಡು ದಿನ ಬರಲ್ಲ, ಆಗ ಲ್ಯಾಪ್‌ಟಾಪ್ ಹಿಡ್ಕೊಂಡು ಚಿಕ್ಕಮಗಳೂರಿಗೆ ಓಡಬೇಕು. ಟೀಮಲ್ಲಿ ಒಬ್ರು ಹೇಳಿದ್ರು, ದಕ್ಷಿಣ ಅಮೆರಿಕದಲ್ಲಿ ರಿಮೋಟ್ ಕೆಲಸದವ್ರಿಗೇ ಅಂತ ವೀಸಾ ಕೊಡ್ತಾರೆ, ಅಲ್ಲಿ ಇದೇ ಕೆಲಸ ಹಗಲಲ್ಲೇ ಮಾಡಬಹುದು ಅಂತ. ನನ್ನ ಕೈಗೆ ಬರೋದು ತಿಂಗಳಿಗೆ 1 ಲಕ್ಷ 45 ಸಾವಿರ. ಮನೇಲಿ ನಾಲ್ಕು ಎಕರೆ ಕಾಫಿ, ಮೆಣಸು. ನಾನೊಬ್ನೇ ಮಗ. ಅಪ್ಪಂಗೆ ಇನ್ನೂ ಹೇಳಿಲ್ಲ. ಹೋಗ್ಲಾ, ಬೇಡ್ವಾ?
(ಹೆಸರು ಬೇಡ ಅಂದಿದ್ದಾರೆ, ಮೂಡಿಗೆರೆ)

ಉತ್ತರ: ತಮ್ಮಾ, ನಿಮ್ಮ ಪತ್ರದಲ್ಲಿ ಬೀಚು, ಕಾರ್ನಿವಲ್ಲು ಯಾವ್ದೂ ಇಲ್ಲ, ನಿದ್ದೆ ಒಂದೇ ಇದೆ. ಅದಕ್ಕೇ ಈ ಸಲದ ಜಾಗ ಮುಕ್ಕಾಲು ಪಾಲು ನಿಮಗೇ ಕೊಟ್ಟಿದೀನಿ. ನಾನೂ ಹಾಸನದ ಮನೇಲಿ ಮೂರು ವರ್ಷ ರಾತ್ರಿ ಪಾಳಿ ಮಾಡಿ, 2022ರಲ್ಲಿ ಬ್ರೆಜಿಲ್‌ನ ಬೆಲೊ ಹೊರಿಜಾಂಟೆಗೆ ಹೋಗಿ ಹನ್ನೊಂದು ತಿಂಗಳು ಇದ್ದು ಬಂದವಳು. ಹೋಗಿ ಅಂತಾನೇ ಹೇಳ್ತೀನಿ, ಆದ್ರೆ ಒಂದು ವರ್ಷಕ್ಕಲ್ಲ, ಮೊದಲ ಸಲ ಐದೂವರೆ ತಿಂಗಳಿಗೆ. ಯಾಕೆ ಅಂತ ಹೇಳ್ತಾ ಹೋಗ್ತೀನಿ.

ಮೊದ್ಲು ಗಡಿಯಾರದ ಲೆಕ್ಕ. ಸಾವೊ ಪಾಲೊ, ಬೆಲೊ ಹೊರಿಜಾಂಟೆ ಕಡೆ ಟೈಮು ನಮಗಿಂತ ಎಂಟೂವರೆ ಗಂಟೆ ಹಿಂದೆ. ನಿಮ್ಮ ಸಂಜೆ ಆರೂವರೆ ಅಲ್ಲಿ ಬೆಳಿಗ್ಗೆ ಹತ್ತು, ನಿಮ್ಮ ಬೆಳಗಿನ ಜಾವ ಮೂರೂವರೆ ಅಲ್ಲಿ ಸಂಜೆ ಏಳು. ಬ್ರೆಜಿಲ್‌ನವ್ರು ಬೇಸಿಗೆಗೆ ಗಡಿಯಾರ ತಿರುಗಿಸೋದನ್ನ 2019ರಲ್ಲೇ ನಿಲ್ಸಿದ್ರು, ಅಮೆರಿಕದವ್ರು ಇನ್ನೂ ತಿರುಗಿಸ್ತಾರೆ, ಹಾಗಾಗಿ ನವೆಂಬರ್ ಆದ್ಮೇಲೆ ನಿಮ್ಮ ಪಾಳಿ ಒಂದು ಗಂಟೆ ಮುಂದಕ್ಕೆ ಹೋಗುತ್ತೆ ಅಷ್ಟೆ. ನಾನು ಅಲ್ಲಿಗೆ ಹೋದ ಎರಡನೇ ವಾರ ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ತಾನಾಗೇ ಎಚ್ಚರ ಆಗಿ, ಕಿಟಕೀಲಿ ಬಿಸಿಲು ನೋಡಿ ಸುಮ್ನೆ ಕೂತು ಅತ್ತುಬಿಟ್ಟೆ, ಅಷ್ಟು ವರ್ಷ ಆಗಿತ್ತು ಹಾಗೆ ಎದ್ದು. ಆದ್ರೆ ಮ್ಯಾನೇಜರ್ ಹತ್ರ ಒಂದು ಮಾತು ಈಗ್ಲೇ ಕೇಳ್ಕೊಳ್ಳಿ, ಬೆಂಗಳೂರು ಆಫೀಸಿನ ಹಗಲು ಮೀಟಿಂಗ್‌ಗಳಿಗೆ ನೀವು ಬರ್ಬೇಕಾ ಅಂತ. ಇಲ್ಲಿನ ಬೆಳಿಗ್ಗೆ ಹನ್ನೊಂದು ಅಂದ್ರೆ ಅಲ್ಲಿ ರಾತ್ರಿ ಎರಡೂವರೆ. ವಾರಕ್ಕೆ ಮೂರು ಸಲ ಅದಕ್ಕೆ ಏಳಬೇಕು ಅಂದ್ರೆ ಹೋಗಿ ಪ್ರಯೋಜನ ಇಲ್ಲ.

ಯಾವ ದೇಶ ಅನ್ನೋದು. ಕೊಲಂಬಿಯಾ 2022ರಲ್ಲಿ ಡಿಜಿಟಲ್ ನೋಮ್ಯಾಡ್ ವೀಸಾ, ಅಂದ್ರೆ ರಿಮೋಟ್ ಕೆಲಸದವ್ರ ವೀಸಾ, ತಂತು, ಎಲ್ರೂ ಅದನ್ನೇ ಹೇಳ್ತಾರೆ, ಆದ್ರೆ ಅದು ಆ ದೇಶಕ್ಕೆ ವೀಸಾ ಇಲ್ದೇ ಹೋಗಬಹುದಾದ ಪಾಸ್‌ಪೋರ್ಟ್‌ನವ್ರಿಗೆ ಇಟ್ಟಿರೋದು, ನಮ್ಮ ಪಾಸ್‌ಪೋರ್ಟ್‌ಗೆ ಆ ಅನುಕೂಲ ಇಲ್ಲ. ಬ್ರೆಜಿಲ್ ಹಾಗಲ್ಲ, 2021ರಲ್ಲಿ ನಿಯಮ ಮಾಡಿ 2022ರ ಜನವರಿಯಿಂದ ಜಾರಿಗೆ ತಂದ್ರು, ಭಾರತದವ್ರೂ ಇಲ್ಲಿಂದ್ಲೇ ಅರ್ಜಿ ಹಾಕಬಹುದು. ಒಂದು ವರ್ಷಕ್ಕೆ ಕೊಡ್ತಾರೆ, ಇನ್ನೊಂದು ವರ್ಷ ಮುಂದುವರಿಸಬಹುದು. ತಿಂಗಳಿಗೆ 1500 ಡಾಲರ್ ಆದಾಯ ತೋರಿಸ್ಬೇಕು, ಇಲ್ಲಾಂದ್ರೆ ಬ್ಯಾಂಕಲ್ಲಿ 18,000 ಡಾಲರ್ ಇರಬೇಕು. 1500 ಡಾಲರ್ ಅಂದ್ರೆ ಈಗ 1.3 ಲಕ್ಷ ದಾಟುತ್ತೆ, ನಿಮ್ಮ ಸಂಬಳ ಅಂಚಲ್ಲಿದೆ. ರೂಪಾಯಿ ಇನ್ನಷ್ಟು ಬಿದ್ರೆ ಕಷ್ಟ, ಹಾಗಾಗಿ ಅರ್ಜಿ ತಡ ಮಾಡ್ಬೇಡಿ.

ಈಗ ನಾನು ಒತ್ತಿ ಹೇಳೋ ವಿಷ್ಯಕ್ಕೆ ಬರ್ತೀನಿ. ಜನ ವೀಸಾ ವೀಸಾ ಅಂತ ತಲೆ ಕೆಡಿಸ್ಕೊಳ್ತಾರೆ, ನಿಜವಾಗ್ಲೂ ಬೇಕಾಗಿರೋ ಕಾಗದ ನಿಮ್ಮ ಕಂಪನಿಯಿಂದ ಬರ್ಬೇಕು. ಊರಿಂದ ಕೆಲಸ ಮಾಡೋಕೆ ಬಿಟ್ಟಿದ್ದಾರೆ ಅಂದ ತಕ್ಷಣ ಬೇರೆ ದೇಶದಿಂದ ಮಾಡೋಕೂ ಬಿಟ್ಟಂಗಲ್ಲ. ಒಬ್ಬ ನೌಕರ ಬೇರೆ ದೇಶದಲ್ಲಿ ಕೂತು ಕೆಲಸ ಮಾಡಿದ್ರೆ ಆ ದೇಶದ ತೆರಿಗೆ ಇಲಾಖೆ ಕಂಪನಿ ಕಡೆಗೂ ತಿರುಗಬಹುದು ಅನ್ನೋ ಭಯ ಅವ್ರಿಗೆ, ಕ್ಲೈಂಟ್ ಡೇಟಾ ಯಾವ ದೇಶದಿಂದ ತೆಗೀಬಹುದು ಅನ್ನೋದು ಎಗ್ರಿಮೆಂಟಲ್ಲೇ ಬರೆದಿರುತ್ತೆ. ಎಲ್ಲಿ ಕೂತಿದೀವಿ ಅನ್ನೋದನ್ನ ಮರೆಮಾಡೋ ವಿಪಿಎನ್ ಹಾಕ್ಕೊಂಡು ಗೊತ್ತಾಗ್ದಂಗೆ ಮಾಡ್ತೀನಿ ಅಂತ ಯಾರಾದ್ರೂ ಐಡಿಯಾ ಕೊಟ್ರೆ ಕೇಳ್ಬೇಡಿ, ಸಿಕ್ಕಿಬಿದ್ರೆ ಕೆಲಸಾನೇ ಹೋಗುತ್ತೆ, ಕೆಲಸ ಹೋದ್ರೆ ಆ ವೀಸಾದ ಆಧಾರಾನೂ ಹೋಯ್ತು. ಎಚ್‌ಆರ್‌ಗೆ ಮೇಲ್ ಹಾಕಿ, ಯಾವ ದೇಶ, ಯಾವ ತಾರೀಖಿಂದ ಯಾವ ತಾರೀಖಿನವರೆಗೆ, ಎಲ್ಲ ಬರೆದು ಒಪ್ಪಿಗೆ ತಗೊಳ್ಳಿ. ಈ ಪತ್ರ ಇದ್ರೆ ವೀಸಾ ಅರ್ಜೀಲಿ ಕೆಲಸದ ಕರಾರು, ದೂರದಿಂದ ಕೆಲಸ ಮಾಡಬಲ್ಲೆ ಅನ್ನೋ ಹೇಳಿಕೆ, ಎರಡಕ್ಕೂ ಬಲ ಬರುತ್ತೆ. ಈ ಪತ್ರ ಸಿಗಲ್ಲ ಅಂದ್ರೆ ಇಲ್ಲಿಗೇ ಬಿಟ್ಟು, ಹಗಲು ಪಾಳಿಯ ಪ್ರಾಜೆಕ್ಟ್ ಹುಡುಕಿ. ಬಿಪಿ ಶುರುವಾಗಿರೋ ಹುಡುಗ ಇನ್ನೂ ವರ್ಷಗಟ್ಟಲೆ ರಾತ್ರಿ ಎಚ್ಚರ ಇರೋದು ನನಗಂತೂ ಸಹಿಸೋಕಾಗಲ್ಲ.

ಮಿಕ್ಕ ಕಾಗದ ಬೇಗ ಹೇಳಿಬಿಡ್ತೀನಿ. ಪಾಸ್‌ಪೋರ್ಟ್ ಸೇವಾ ಮೂಲಕ ಪೊಲೀಸ್ ಕ್ಲಿಯರೆನ್ಸ್, ಬ್ರೆಜಿಲ್‌ನಲ್ಲಿ ನಡೆಯೋ ಆರೋಗ್ಯ ವಿಮೆ, ಜನನ ಪ್ರಮಾಣಪತ್ರಕ್ಕೆ ಅಪೋಸ್ಟಿಲ್, ಅಂದ್ರೆ ಬೇರೆ ದೇಶದಲ್ಲೂ ಒಪ್ಪೋಹಾಗೆ ನಮ್ಮ ಸರ್ಕಾರ ಹಾಕೋ ದೃಢೀಕರಣ. ನಮ್ಮ ಕಡೆಯವ್ರು ಎಡವೋದು ಹೆಸರಿನ ವಿಷ್ಯದಲ್ಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಜನನ ಪತ್ರದಲ್ಲಿ ಬರೀ ‘ಗಂಡು ಮಗು’. ಅಲ್ಲಿ ಇಳಿದು 90 ದಿನದೊಳಗೆ ಫೆಡರಲ್ ಪೊಲೀಸ್ ಹತ್ರ ನೋಂದಣಿ ಮಾಡಿಸ್ಬೇಕು, ಅವ್ರು ಅಪ್ಪ ಅಮ್ಮನ ಹೆಸರು ನೋಡ್ತಾರೆ, ಅಮ್ಮನ ಹೆಸರು ಒಂದೊಂದು ಕಡೆ ಒಂದೊಂದು ಥರ ಇದ್ರೆ ತಿಂಗಳುಗಟ್ಟಲೆ ಓಡಾಟ. ಇದನ್ನ ಊರಲ್ಲಿರುವಾಗ್ಲೇ ಸರಿ ಮಾಡಿಸ್ಕೊಳ್ಳಿ.

ದುಡ್ಡಿನ ವಿಷ್ಯದಲ್ಲಿ ನನಗೆ ಪೆಟ್ಟು ಬಿದ್ದಿದ್ದು ಓಟಿಪಿಯಿಂದ. ರೋಮಿಂಗ್ ಹಾಕಿಸಿದ್ದ ಸಿಮ್ ಮೂರನೇ ವಾರಕ್ಕೆ ಸತ್ತುಹೋಯ್ತು, ಬ್ಯಾಂಕ್‌ಗೆ ಫೋನ್ ಮಾಡಿದ್ರೆ ಬ್ರಾಂಚಿಗೆ ಬನ್ನಿ ಅಂತಾರೆ, ನಾನು ಕೂತಿರೋದು ಭೂಮಿಯ ಆ ಕಡೆ. ಹನ್ನೆರಡು ದಿನ ಪಕ್ಕದ ಮನೆಯವ್ರ ಹತ್ರ ಸಾಲ ಮಾಡಿ ಊಟ ಮಾಡಿದೆ. ಎರಡು ಬ್ಯಾಂಕಿನ ಕಾರ್ಡು, ಎರಡು ಬೇರೆ ಬೇರೆ ಕಂಪನಿ ಸಿಮ್ಮು, ಬ್ಯಾಂಕ್‌ಗಳಲ್ಲಿ ಇಮೇಲ್ ಸರಿಯಾಗಿ ದಾಖಲಾಗಿದ್ಯಾ ನೋಡೋದು, ಇಷ್ಟು ಮಾಡ್ಕೊಂಡೇ ವಿಮಾನ ಹತ್ತಿ. ಅಲ್ಲಿ ತರಕಾರಿ ಗಾಡಿಯವ್ರೂ ಪಿಕ್ಸ್ ಅಂತ ನಮ್ಮ ಯುಪಿಐ ಥರದ್ದರಲ್ಲೇ ದುಡ್ಡು ತಗೊಳ್ಳೋದು, 2020ರ ನವೆಂಬರ್‌ನಲ್ಲಿ ಶುರುವಾಗಿದ್ದು. ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ, ಖಾತೆಗೆ ಸಿಪಿಎಫ್ ಅನ್ನೋ ನಂಬರ್ ಬೇಕು. ನಮ್ಮ ಪ್ಯಾನ್ ಇದ್ದಂಗೆ, ಸಿಮ್ ತಗೊಳ್ಳೋಕೂ ಔಷಧಿ ಅಂಗಡೀಲೂ ಅದನ್ನೇ ಕೇಳ್ತಾರೆ.

ಟ್ಯಾಕ್ಸ್ ಲೆಕ್ಕದಲ್ಲೇ ನಾನು ಐದೂವರೆ ತಿಂಗಳು ಅಂದಿದ್ದು. ಈ ವೀಸಾದಲ್ಲಿ ಹೋದವ್ರು ಹನ್ನೆರಡು ತಿಂಗಳ ಅವಧೀಲಿ ಒಟ್ಟು 183 ದಿನಕ್ಕಿಂತ ಹೆಚ್ಚು ಅಲ್ಲಿ ಇದ್ರೆ ಬ್ರೆಜಿಲ್ ಲೆಕ್ಕದಲ್ಲಿ ತೆರಿಗೆ ನಿವಾಸಿ ಆಗ್ತಾರೆ. ಆಮೇಲೆ ಹೊರಗಿಂದ ಬರೋ ಸಂಬಳಕ್ಕೂ ತಿಂಗಳು ತಿಂಗಳು ತಾವೇ ಲೆಕ್ಕ ಹಾಕಿ ಕಟ್ಟಬೇಕು, ದರ ಮೇಲಕ್ಕೆ 27.5 ಪರ್ಸೆಂಟ್ ತನಕ ಹೋಗುತ್ತೆ. ನಿಮ್ಮ ಸಂಬಳ ಬೆಂಗಳೂರಲ್ಲೇ ಟಿಡಿಎಸ್ ಕಟ್ ಆಗಿ ಇಲ್ಲಿನ ಖಾತೆಗೇ ಬರೋದು, ಹೊರಗಿದ್ದೆ ಅಂದ ಮಾತ್ರಕ್ಕೆ ಇಲ್ಲಿನ ತೆರಿಗೆ ತಪ್ಪಲ್ಲ. ಎರಡು ದೇಶಕ್ಕೂ ಡಬಲ್ ಟ್ಯಾಕ್ಸ್ ಒಪ್ಪಂದ ಇದೆ, ನಿಜ, ಆದ್ರೆ ಅದರ ಲಾಭ ಪಡೆಯೋಕೆ ಎರಡೂ ಕಡೆ ಸಿಎ ಇಟ್ಕೊಂಡು ಒದ್ದಾಡಬೇಕು, ನಾನು ಒದ್ದಾಡಿದೀನಿ.

ಇನ್ನು ಅಪ್ಪ. ತಮ್ಮಾ, ಇದನ್ನ ಕೊನೆಗೆ ಇಟ್ಕೋಬೇಡಿ, ಇವತ್ತೇ ಹೇಳಿ. ಕಾಫಿ ಬೆಳೆಗಾರರಿಗೆ ಬ್ರೆಜಿಲ್ ಪರಿಚಯ ಇಲ್ದಿರೋ ದೇಶ ಅಲ್ಲ. 2021ರ ಜುಲೈಲಿ ಅಲ್ಲಿನ ಮೀನಾಸ್ ಜೆರೈಸ್ ರಾಜ್ಯದ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟಾಗ ಇಲ್ಲಿ ರೇಟ್ ಏರಿದ್ದನ್ನ ನಿಮ್ಮಪ್ಪ ಮರೆತಿರಲ್ಲ. ಬೆಲೊ ಹೊರಿಜಾಂಟೆ ಅದೇ ರಾಜ್ಯದ ರಾಜಧಾನಿ, ಬ್ರೆಜಿಲ್‌ನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋ ರಾಜ್ಯ. ಇಲ್ಲಿ ರೊಬಸ್ಟಾ ಕೊಯ್ಲು ಮುಗಿಸಿ, ಕಣದ ಕೆಲಸ ಮುಗಿಸಿ, ಮಾರ್ಚ್ ಮೊದಲ ವಾರ ಹೊರಡಿ, ಆಗಸ್ಟ್ ಮೂರನೇ ವಾರ ವಾಪಸ್ ಬನ್ನಿ. ನಿಮ್ಮಲ್ಲಿ ಕರೆಂಟ್ ಇಲ್ದೇ ಒದ್ದಾಡೋ ಜೂನ್, ಜುಲೈ ಅಲ್ಲಿ ಒಣ ಚಳಿಗಾಲ, ತಿಳಿ ಆಕಾಶ. ಅವರ ಕೊಯ್ಲು ಮೇ ತಿಂಗಳಿಂದ ಸೆಪ್ಟೆಂಬರ್. ಒಂದು ವಾರ ರಜೆ ಹಾಕಿ ದಕ್ಷಿಣಕ್ಕೆ ವಾರ್ಜಿನ್ಯಾ ಕಡೆ ಹೋಗಿ ನೋಡಿ, ನೆರಳಿನ ಮರ ಒಂದೂ ಇಲ್ದೇ ಬಯಲಲ್ಲಿ ಗುಡ್ಡಗುಡ್ಡವೇ ಕಾಫಿ, ಕೈಯಲ್ಲಿ ಹಿಡಿಯೋ ಯಂತ್ರದಿಂದ ಕೊಂಬೆ ಅಲ್ಲಾಡಿಸಿ ಹಣ್ಣು ಉದುರಿಸ್ತಾರೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿ, ನಾನು ಪಕ್ಕದ ತೋಟದ ಮಾವನವ್ರಿಗೆ ತೋರಿಸಿದಾಗ ಅವ್ರು ಒಂದು ಗಂಟೆ ಫೋನ್ ಇಡ್ಲಿಲ್ಲ. ಆದ್ರೆ ಮರಗಸಿ (ನೆರಳಿನ ಮರದ ಕೊಂಬೆ ಸವರೋದು), ಮಳೆ ಹಿಡಿಯೋ ಮೊದ್ಲು ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣದ ಔಷಧಿ ಹೊಡೆಸೋದು, ಇವೆಲ್ಲ ನೀವಿಲ್ದಾಗ್ಲೇ ಬರುತ್ತೆ. ಆ ಕೆಲಸಕ್ಕೆ ಯಾರು ನಿಲ್ತಾರೆ, ಅವ್ರಿಗೆ ದುಡ್ಡೆಷ್ಟು ಅನ್ನೋದನ್ನ ಗೊತ್ತು ಮಾಡ್ಕೊಂಡೇ ಅಪ್ಪನ ಮುಂದೆ ಕೂತ್ಕೊಳ್ಳಿ. ಬರೀ ಹೋಗ್ತೀನಿ ಅಂದ್ರೆ ಅವ್ರಿಗೆ ಬಿಟ್ಟುಹೋದ ಅನ್ಸುತ್ತೆ, ತೋಟದ ಲೆಕ್ಕ ಇಟ್ಕೊಂಡು ಹೋದ್ರೆ ಮಗ ಇನ್ನೂ ಇಲ್ಲೇ ಇದ್ದಾನೆ ಅನ್ಸುತ್ತೆ.

ಪ್ರಶ್ನೆ: ನನ್ನ ಮಗಳು ಇದೇ ಥರ ಕೆಲಸ ಇಟ್ಕೊಂಡು ಬ್ರೆಜಿಲ್‌ಗೆ ಹೋಗ್ತಾಳಂತೆ. ನಾವು ಮೊಟ್ಟೆನೂ ತಿನ್ನಲ್ಲ. ಬರೀ ಮಾಂಸದ ದೇಶ ಅಂತ ಕೇಳಿದೀನಿ, ಹುಡುಗಿ ಏನು ತಿಂತಾಳೆ? ಭಯ ಅಂತೂ ಇದ್ದೇ ಇದೆ.
(ಒಬ್ಬ ತಾಯಿ, ಹಾಸನ)

ಉತ್ತರ: ಅಮ್ಮಾ, ಮನೇಲಿ ಅಡುಗೆ ಮಾಡ್ಕೊಂಡ್ರೆ ಏನೂ ತೊಂದ್ರೆ ಇಲ್ಲ. ಅನ್ನ, ಕಾಳು ಅವ್ರ ದಿನದ ಊಟ. ಬೆಂಡೆಕಾಯಿ, ಸೀಮೆಬದನೆ, ಕುಂಬಳ, ಮರಗೆಣಸು, ಬಾಳೆಹಣ್ಣು, ತೆಂಗು ಎಲ್ಲ ಸಂತೇಲಿ ಸಿಗುತ್ತೆ, ಹಲಸಿನ ಹಣ್ಣೂ ಸಿಗುತ್ತೆ, ಪೋರ್ಚುಗೀಸರು ನಮ್ಮ ಕಡೆಯಿಂದ ತಗೊಂಡುಹೋಗಿದ್ದು. ಸಾರಿನ ಪುಡಿ, ಹುಣಸೆಹಣ್ಣು, ಇಂಗು ಕಟ್ಟಿಕೊಡಿ. ಹೊರಗೆ ಊಟ ಮಾಡುವಾಗ ಎರಡು ಕಡೆ ಜೋಪಾನ. ಕಾಳಿನ ಸಾರಿಗೆ ಹಂದಿ ಮಾಂಸದ ಚೂರು ಹಾಕಿ ಬೇಯಿಸೋದು ರೂಢಿ, ಕೇಳದೇ ಬಡಿಸ್ಕೋಬಾರ್ದು. ಪಾಂವ್ ಜಿ ಕೇಜು ಅಂತ ಚೀಸ್ ಬನ್ನು ಎಲ್ಲ ಬೇಕರೀಲೂ ಇರುತ್ತೆ, ನೋಡೋಕೆ ಸಸ್ಯಾಹಾರ, ಅದಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕಿರ್ತಾರೆ. ಮಾಂಸ ಬೇಡ ಅಂದ್ರೆ ಕೋಳಿ ತಂದಿಡೋರೂ ಇದ್ದಾರೆ, ಅವ್ರ ಬಾಯಲ್ಲಿ ‘ಕಾರ್ನಿ’ ಅಂದ್ರೆ ದನದ ಮಾಂಸ ಅಂತಾನೇ. ಕೋಳಿ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅಂತ ಒಂದೊಂದಾಗಿ ಹೇಳೋದನ್ನ ಪೋರ್ಚುಗೀಸಲ್ಲಿ ಬಾಯಿಪಾಠ ಮಾಡ್ಕೊಂಡು ಹೋಗ್ಲಿ. ಮಧ್ಯಾಹ್ನಕ್ಕೆ ಕೆಜಿ ಲೆಕ್ಕದ ಹೋಟೆಲುಗಳಿವೆ, ಬೇಕಾದ್ದನ್ನ ತಟ್ಟೆಗೆ ಹಾಕ್ಕೊಂಡು ತೂಕ ಮಾಡ್ಸೋದು, ಅವಳಿಗೆ ಅದೇ ಅನುಕೂಲ.

ಭಯದ ವಿಷ್ಯ ಮುಚ್ಚಿಡಲ್ಲ. ದೊಡ್ಡ ಊರುಗಳಲ್ಲಿ ಫೋನ್ ಕಿತ್ಕೊಂಡು ಓಡೋದು ಇದೆ, ಬೈಕಲ್ಲಿ ಬಂದು ಕಿತ್ಕೋತಾರೆ. ರಸ್ತೇಲಿ ನಡೆಯುವಾಗ ಫೋನ್ ತೆಗೀಬಾರ್ದು, ಬ್ಯಾಂಕ್ ಆ್ಯಪ್ ಇರೋ ಫೋನು ಮನೇಲೇ ಇರ್ಲಿ, ಯಾರಾದ್ರೂ ಕೇಳಿದ್ರೆ ಕೊಟ್ಟುಬಿಡ್ಬೇಕು, ಎದುರು ನಿಲ್ಬಾರ್ದು. ಮನೆ ಹಿಡಿಯೋ ಮೊದ್ಲು ಅದೇ ಏರಿಯಾದಲ್ಲಿ ಎರಡು ವಾರ ರೂಮ್ ಮಾಡಿ, ಸಂಜೆ ಎಂಟರ ಮೇಲೆ ರಸ್ತೇಲಿ ಹೆಂಗಸರು ಓಡಾಡ್ತಾರಾ ನೋಡ್ಲಿ. ಅಡ್ವಾನ್ಸ್ ಬೆಂಗಳೂರಿನ ಥರ ಹತ್ತು ತಿಂಗಳದ್ದು ಕೇಳೋಹಾಗಿಲ್ಲ, ನಗದು ಠೇವಣಿ ಮೂರು ತಿಂಗಳ ಬಾಡಿಗೆ ಮೀರಬಾರ್ದು ಅಂತ 1991ರ ಕಾನೂನಲ್ಲೇ ಇದೆ. ಹುಷಾರು ತಪ್ಪಿದ್ರೆ ಸರ್ಕಾರಿ ಆಸ್ಪತ್ರೆ ಹೊರದೇಶದವ್ರಿಗೂ ಉಚಿತ, ನಾನು ಜ್ವರ ಬಂದಾಗ ಹೋಗಿದ್ದೆ, ಎರಡು ಗಂಟೆ ಕಾಯ್ಬೇಕಾಯ್ತು, ಚೆನ್ನಾಗೇ ನೋಡಿದ್ರು.

ಪ್ರಶ್ನೆ: ಬ್ರೆಜಿಲ್‌ನವ್ರು ಭಾರತದಿಂದ ಹೋಗೋರಿಗೆ ಯೆಲ್ಲೋ ಫೀವರ್ ಇಂಜೆಕ್ಷನ್ ಕೇಳಲ್ಲ ಅಂದ್ರು, ಹಾಗಾದ್ರೆ ಬಿಟ್ಟುಬಿಡ್ಲಾ?
(ಒಬ್ಬ ಓದುಗರು, ಅರಸೀಕೆರೆ)

ಉತ್ತರ: ಬಿಡ್ಬೇಡಿ. ಅಲ್ಲಿ ಆ ಕಾಯಿಲೆ ಇರೋದ್ರಿಂದ ನಿಮ್ಮ ಮೈಗೂ ಬೇಕು, ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳ್ತಾರೆ. ಕಾರ್ಡ್ ಇಲ್ಲ ಅಂದ್ರೆ ಆರು ದಿನದವರೆಗೆ ಕ್ವಾರಂಟೈನ್‌ಗೆ ಹಾಕಬಹುದು. ಸರ್ಕಾರ ಗೊತ್ತುಮಾಡಿರೋ ಕೇಂದ್ರಗಳಲ್ಲಿ ಮಾತ್ರ ಹಾಕೋದು, ಹೋಗೋ ಮೊದ್ಲೇ ಅಪಾಯಿಂಟ್‌ಮೆಂಟ್ ಕೇಳಿ. ಪ್ರಯಾಣಕ್ಕೆ ಹತ್ತು ದಿನ ಮುಂಚೆ ಆಗಿರ್ಬೇಕು, ಒಂದು ಸಲ ಹಾಕಿಸ್ಕೊಂಡ್ರೆ ಆ ಹಳದಿ ಕಾರ್ಡ್ ಜೀವನಪೂರ್ತಿ ನಡೆಯುತ್ತೆ. ಪಾಸ್‌ಪೋರ್ಟ್ ಜೊತೆಗೇ ಇಟ್ಕೊಳ್ಳಿ, ಅದರಲ್ಲಿ ಬರೆಯೋ ಪಾಸ್‌ಪೋರ್ಟ್ ನಂಬರ್ ಸರಿಯಾಗಿದ್ಯಾ ಅಂತ ಅಲ್ಲೇ ನಿಂತು ನೋಡ್ಕೊಳ್ಳಿ.