ಪೊಲೀಸರ ಕೆಲಸದ ಬಗ್ಗೆ ನಮ್ಮ ಜನರ ಅಭಿಪ್ರಾಯ ಒಂದೇ ರೀತಿ ಯಾಕಿಲ್ಲ?

ಯಾಕೆಂದರೆ ಜನ ಇಡೀ ಇಲಾಖೆಗೆ ಅಂಕ ಕೊಡುವುದಿಲ್ಲ, ತಮ್ಮ ಅನುಭವಕ್ಕೆ ಕೊಡುತ್ತಾರೆ. ರಾತ್ರಿ 112ಕ್ಕೆ ಕರೆ ಮಾಡಿದಾಗ ಗಾಡಿ ಬೇಗ ಬಂದರೆ ಪೊಲೀಸರು ದೇವರು. ಅದೇ ಮನುಷ್ಯ ಕಳ್ಳತನದ ದೂರು ಕೊಡಲು ಹೋಗಿ, 'ನಾಳೆ ಬಾ' ಅಂತ ಕೇಳಿಸಿಕೊಂಡರೆ ನಂಬಿಕೆ ಅಲ್ಲೇ ಮುರಿಯುತ್ತದೆ.

ನನ್ನ ಪ್ರಕಾರ ಅಸಲಿ ಸಮಸ್ಯೆ ಠಾಣೆಯ ಬಾಗಿಲಲ್ಲೇ ಇದೆ. ಕಳ್ಳತನದಂತಹ, ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧವಾದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಎಫ್‌ಐಆರ್ ಪ್ರತಿಯನ್ನೂ ದೂರುದಾರರಿಗೆ ಉಚಿತವಾಗಿ ಕೊಡಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನು ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ಪೊಲೀಸರ ಕಡೆಯಿಂದಲೂ ನೋಡಬೇಕು, ಅಲ್ವಾ? ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 2019ರಲ್ಲಿ ಹಲವು ರಾಜ್ಯಗಳ ಪೊಲೀಸರನ್ನು ಮಾತಾಡಿಸಿದಾಗ, ಅವರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುವುದು ಗೊತ್ತಾಯಿತು. ಹಬ್ಬಕ್ಕೂ ಮನೆಗೆ ಹೋಗಲಾಗದ ಕಾನ್‌ಸ್ಟೇಬಲ್ ಹತ್ತಿರ ತಾಳ್ಮೆ ಎಲ್ಲಿ ಉಳಿಯುತ್ತದೆ? ಹಾಗಂತ ಬಡವರ ಮೇಲೆ ದನಿ ಏರಿಸುವುದನ್ನು ನಾನು ಒಪ್ಪುವುದಿಲ್ಲ. ಜನರಿಗೆ ಜಾಸ್ತಿ ನೋವಾಗುವುದು ಅಲ್ಲೇ.