ಹಳೆಯ ಬಿರುಗಾಳಿಯ ಧೈರ್ಯ ನಂಬಬಹುದೇ?

ಪ್ರಶ್ನೆ: ಕಳೆದ ವರ್ಷ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಬಳಿ ಮನೆ ಕೊಂಡೆವು. ಈಗ ಹರಿಕೇನ್ ಋತು ಶುರುವಾಗಿದೆ. ಪಕ್ಕದ ಮನೆಯ ಹಿರಿಯರು, "ಚಾರ್ಲಿ, ಇಯಾನ್ ಬಿರುಗಾಳಿ ಎಲ್ಲವನ್ನೂ ಮನೆಯಲ್ಲಿ ಕುಳಿತೇ ನೋಡಿದ್ದೇನೆ, ಎರಡನೆಯ ವರ್ಗದ ಬಿರುಗಾಳಿಯವರೆಗೆ ಹೆದರಬೇಕಿಲ್ಲ" ಎನ್ನುತ್ತಾರೆ. ಅವರ ಮಾತು ಕೇಳಬಹುದೇ? ಕಿಟಕಿಗಳಿಗೆ ಟೇಪ್ ಅಂಟಿಸಿದರೆ ಸಾಕೇ?

ಉತ್ತರ: ನಿಮ್ಮ ನೆರೆಯವರು ಹೇಳುತ್ತಿರುವುದು ಸುಳ್ಳಲ್ಲ. 2004ರಲ್ಲಿ ಟ್ಯಾಂಪಾಕ್ಕೇ ಬರುತ್ತದೆಂದು ಎಣಿಸಿದ್ದ ಚಾರ್ಲಿ ಕೊನೆಯ ಗಳಿಗೆಯಲ್ಲಿ ಹೊರಳಿ ದಕ್ಷಿಣದ ಪುಂಟಾ ಗೋರ್ಡಾದತ್ತ ಹೋಯಿತು. 2022ರ ಇಯಾನ್ ಕೂಡ ದಕ್ಷಿಣಕ್ಕೇ ಸರಿದು ಫೋರ್ಟ್ ಮೈಯರ್ಸ್ ಕರಾವಳಿಯನ್ನು ಹಾಳುಗೆಡವಿತು. ಆದರೆ ಆ ಎರಡು ಸಲವೂ ಅವರನ್ನು ಉಳಿಸಿದ್ದು ಮನೆಯ ಗಟ್ಟಿತನವಲ್ಲ, ಬಿರುಗಾಳಿ ಹಿಡಿದ ದಾರಿ. ಇಲ್ಲಿನ ಹರಿಕೇನ್‌ಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದರಿಂದ, ಕೇಂದ್ರವು ನಿಮ್ಮ ದಕ್ಷಿಣಕ್ಕೆ ಹಾದುಹೋದರೆ ಗಾಳಿ ನೆಲದಿಂದ ಕಡಲಿನತ್ತ ಬೀಸಿ ಕೊಲ್ಲಿಯ ನೀರನ್ನು ಹೊರಗೆ ತಳ್ಳುತ್ತದೆ. ಇಯಾನ್ ಬಂದಾಗ ಟ್ಯಾಂಪಾ ಕೊಲ್ಲಿಯ ನೀರು ಎಷ್ಟು ಹಿಂದೆ ಸರಿದಿತ್ತೆಂದರೆ, ಬರಿದಾದ ತಳದ ಕೆಸರಿನ ಮೇಲೆ ಜನ ನಡೆದಾಡಿದ್ದರು. ಅಂಥ ದೃಶ್ಯ ನೋಡಿದವರಿಗೆ ಕಡಲಿನ ಭಯ ಕಡಿಮೆಯಾದರೆ ಆಶ್ಚರ್ಯವಿಲ್ಲ.

ಕೇಂದ್ರವು ಪಶ್ಚಿಮಕ್ಕೆ ಹಾದುಹೋದರೆ ಎಲ್ಲವೂ ತಿರುವುಮುರುವಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಟ್ಯಾಂಪಾದಿಂದ ನೂರು ಮೈಲಿಗೂ ಆಚೆ, ನಡುಗಡಲಿನಲ್ಲಿ ಸಾಗಿ, ಉತ್ತರಕ್ಕೆ ದೂರದ ಬಿಗ್ ಬೆಂಡ್ ಕರಾವಳಿಯಲ್ಲಿ ನೆಲ ಮುಟ್ಟಿತು. ಆದರೂ ಟ್ಯಾಂಪಾ ಕೊಲ್ಲಿಯ ದಂಡೆಯ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಡಲು ಉಬ್ಬರದ ಮಟ್ಟಕ್ಕಿಂತ ಆರು ಅಡಿಗೂ ಹೆಚ್ಚು ಏರಿ, ರಾತ್ರೋರಾತ್ರಿ ಮನೆಗಳಿಗೆ ನುಗ್ಗಿತು. ಎರಡು ವಾರದೊಳಗೆ ಬಂದ ಮಿಲ್ಟನ್ ದಕ್ಷಿಣದ ಸಿಯೆಸ್ಟಾ ಕೀ ಬಳಿ ನೆಲ ಮುಟ್ಟಿದ್ದರಿಂದ ಕೊಲ್ಲಿಯ ನೀರು ಮತ್ತೆ ಹಿಂದೆ ಸರಿಯಿತು; ಆದರೆ ಅದೇ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಹೆಚ್ಚು ಮಳೆ ಸುರಿದು ಬೀದಿಗಳು ಮುಳುಗಿದವು. ಒಂದೇ ಊರು, ಒಂದೇ ಋತು, ಎರಡು ಬೇರೆ ಬೇರೆ ಸಂಕಟಗಳು.

ಇನ್ನು ವರ್ಗದ ಲೆಕ್ಕ. ಒಂದರಿಂದ ಐದರವರೆಗಿನ ಸಫೀರ್-ಸಿಂಪ್ಸನ್ ಅಳತೆ ಹೇಳುವುದು ಗಾಳಿಯ ವೇಗವನ್ನು ಮಾತ್ರ. ಬಿರುಗಾಳಿಯ ಹರವು, ಮಳೆ, ಉಕ್ಕಿ ಬರುವ ಕಡಲು ಯಾವುದೂ ಅದರಲ್ಲಿಲ್ಲ. ಇದಕ್ಕೆ ಮಿಸಿಸಿಪಿ ಕರಾವಳಿಗಿಂತ ದಾರುಣವಾದ ಉದಾಹರಣೆ ಬೇಕಿಲ್ಲ. 1969ರಲ್ಲಿ ಐದನೆಯ ವರ್ಗದ ಕಮೀಲ್ ಅಲ್ಲಿ ಸುಮಾರು 24 ಅಡಿ ನೀರು ಏರಿಸಿತ್ತು. ಆಗ ಮನೆಗೆ ನೀರು ಬಾರದೆ ಉಳಿದವರಲ್ಲಿ ಅನೇಕರು, ನೆಲ ಮುಟ್ಟುವಾಗ ಮೂರನೆಯ ವರ್ಗದ್ದಾಗಿದ್ದ ಕತ್ರಿನಾ 2005ರಲ್ಲಿ ಬಂದಾಗ ಮನೆ ಬಿಡಲೇ ಇಲ್ಲ. ಕತ್ರಿನಾ ಕಮೀಲ್‌ಗಿಂತ ಬಹಳ ವಿಶಾಲವಾಗಿತ್ತು, ತೀರಕ್ಕೆ ಬರುವ ಮುನ್ನಾದಿನ ಐದನೆಯ ವರ್ಗದಲ್ಲಿದ್ದು ಕಡಲನ್ನು ಕಲಕಿಬಿಟ್ಟಿತ್ತು. ನೀರು ಸುಮಾರು 28 ಅಡಿ ಏರಿತು. ಹಾಗೆ ಕೊಟ್ಟ ಹುಸಿ ಧೈರ್ಯದಿಂದಾಗಿ ಕಮೀಲ್ 1969ಕ್ಕಿಂತ 2005ರಲ್ಲಿ ಹೆಚ್ಚು ಜನರನ್ನು ಕೊಂದಿತು ಎಂದು ಅಲ್ಲಿನವರು ಇಂದಿಗೂ ನೊಂದು ಹೇಳುತ್ತಾರೆ.

ಆದ್ದರಿಂದ ನೀವು ನೆಚ್ಚಬೇಕಾದದ್ದು ನಿಮ್ಮ ವಿಳಾಸದ ತೆರವು ವಲಯವನ್ನು, ಅಂದರೆ ಅಪಾಯ ಬಂದಾಗ ಯಾರು ಮನೆ ಬಿಟ್ಟು ಹೊರಡಬೇಕೆಂದು ಗುರುತಿಸುವ ಪ್ರದೇಶವನ್ನು. ಕೌಂಟಿಯವರು, ಅಂದರೆ ಸ್ಥಳೀಯ ಆಡಳಿತದವರು, ಅದನ್ನು ಎ, ಬಿ, ಸಿ ಎಂದು ಗುರುತಿಸಿರುತ್ತಾರೆ. ವಿಮೆಯ ಕಾಗದದಲ್ಲಿರುವ ಪ್ರವಾಹ ವಲಯ ಬೇರೆ, ಇದು ಬೇರೆ. ನಿಮ್ಮ ಅಕ್ಷರಕ್ಕೆ ಆದೇಶ ಬಂದರೆ, ವರ್ಗ ಎಷ್ಟೇ ಇರಲಿ, ಹೊರಡಿ. ನೂರಾರು ಮೈಲಿ ಓಡಿ ಹೆದ್ದಾರಿಯಲ್ಲಿ ಸಿಕ್ಕಿಬೀಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಳನಾಡಿನಲ್ಲಿ ಎತ್ತರದ ಜಾಗದ ಗಟ್ಟಿ ಕಟ್ಟಡವೊಂದು ಸಾಕು. ನೆರೆಯವರ ನೆನಪನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಿ. ಹೆಲೀನ್ ಬಂದಾಗ ನೀರು ಎಲ್ಲಿಯವರೆಗೆ ಬಂತು, ಯಾವ ರಸ್ತೆ ಮೊದಲು ಮುಳುಗಿತು, ವಿದ್ಯುತ್ ಎಷ್ಟು ದಿನ ಇರಲಿಲ್ಲ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅವರದೂ ಅದೇ ವಲಯವಾದರೆ, ಹೊರಡುವಾಗ ಅವರನ್ನೂ ಕರೆಯಿರಿ. ವಯಸ್ಸಾದವರು ಎಷ್ಟೋ ವೇಳೆ ಧೈರ್ಯದಿಂದಲ್ಲ, ಕರೆದೊಯ್ಯುವವರಿಲ್ಲದೆ ಉಳಿದುಬಿಡುತ್ತಾರೆ.

ಕಿಟಕಿಗೆ ಟೇಪ್ ಅಂಟಿಸುವುದು ವ್ಯರ್ಥ. ಗಾಜು ಒಡೆಯುವುದು ಅದರಿಂದ ತಪ್ಪುವುದಿಲ್ಲ, ಚೂರುಗಳು ಇನ್ನಷ್ಟು ದೊಡ್ಡದಾಗಿ ಸಿಡಿಯಬಹುದು. ಶಟರ್ ಹಾಕಿಸುವುದು ಉತ್ತಮ. ಆಗದಿದ್ದರೆ ದಪ್ಪನೆಯ ಪ್ಲೈವುಡ್ ಹಲಗೆಗಳನ್ನು ಕಿಟಕಿಯ ಅಳತೆಗೆ ಈಗಲೇ ಕೊಯ್ಸಿ, ಯಾವುದು ಯಾವ ಕಿಟಕಿಗೆಂದು ಗುರುತು ಹಾಕಿ ಇಟ್ಟುಕೊಳ್ಳಿ.