ಸಣ್ಣ ಊರಿನ ಯೂನಿವರ್ಸಿಟಿಯಲ್ಲಿ ಮೆಡಿಕಲ್ ರಿಸರ್ಚ್ ಮಾಡಿದ್ರೆ ಬೆಲೆ ಇದೆಯಾ?

ನೀವು ಕೇಳಿರೋದು ಇಷ್ಟು: ರಾಜಧಾನಿಯಿಂದ ದೂರದ ಒಂದು ಯೂನಿವರ್ಸಿಟಿಯಲ್ಲಿ ಕಮ್ಯುನಿಟಿ ಹೆಲ್ತ್ ವಿಷಯಕ್ಕೆ ಪಿಎಚ್‌ಡಿ ಸೀಟ್ ಸಿಕ್ಕಿದೆ, ಲ್ಯಾಬ್ ಅಂತ ಹೇಳಿಕೊಳ್ಳೋ ಹಾಗೇನಿಲ್ಲ, ಗೆಳೆಯರು "ಅಲ್ಲಿ ಹೋಗಿ ಏನ್ ಕಿಸೀತೀಯ, ಇನ್ನೊಂದು ವರ್ಷ ಕಾದು ದೊಡ್ಡ ಕಡೆ ಟ್ರೈ ಮಾಡು" ಅಂತಿದ್ದಾರೆ, ಸೇರಲಾ ಬೇಡ್ವಾ ಅಂತ.

ನಾನು ಅಂಥದ್ದೇ ಒಂದು ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ನೋಡ್ಕೊಳ್ಳೋನು. ಡಾಕ್ಟರುಗಳು, ನರ್ಸಿಂಗ್ ಪಿಜಿಗಳು ತಂದುಕೊಡೋ ಎಕ್ಸೆಲ್ ಶೀಟನ್ನ ತೊಳೆದು ಬಳಿದು ಅದ್ರಲ್ಲಿ ಏನಾದ್ರೂ ಹುರುಳಿದೆಯಾ ಅಂತ ಹೇಳೋ ಕೆಲಸ. ಹಾಗಾಗಿ ನನ್ನ ಮಾತಲ್ಲಿ ಸ್ವಲ್ಪ ಪಕ್ಷಪಾತ ಇರುತ್ತೆ, ಅದನ್ನ ಕಳೆದು ಓದಿ.

ಮೊದಲು ವಿಷಯ ಯಾವುದು ಅಂತ ನೋಡ್ಬೇಕು. ಜೀನ್ ಸೀಕ್ವೆನ್ಸಿಂಗ್, ಹೊಸ ಔಷಧಿ ಕಂಡುಹಿಡಿಯೋದು, ಕ್ಯಾನ್ಸರ್ ಸೆಲ್ ಬೆಳೆಸೋದು ಇಂಥದ್ದಾದ್ರೆ ಗೆಳೆಯರು ಹೇಳಿದ್ದೇ ಸರಿ, ಮೆಷಿನ್ ಇಲ್ಲದ ಕಡೆ ಹೋಗಿ ಕೈಕಟ್ಟಿ ಕೂರಬೇಕಾಗುತ್ತೆ. ಆದ್ರೆ ನಿಮ್ಮದು ಬಿಪಿ, ಶುಗರ್, ಬಸುರಿಯರ ರಕ್ತಹೀನತೆ, ಮಕ್ಕಳ ಬೆಳವಣಿಗೆ, ವಯಸ್ಸಾದವರ ನೆನಪಿನ ಶಕ್ತಿ ಈ ಥರದ್ದಾದ್ರೆ ಲೆಕ್ಕಾಚಾರ ಪೂರ್ತಿ ಉಲ್ಟಾ. ಇಂಥ ರಿಸರ್ಚಿಗೆ ಬೇಕಾಗಿರೋದು ಮೆಷಿನ್ ಅಲ್ಲ, ಇವತ್ತು ನೋಡಿದ ಮನುಷ್ಯ ಐದು ವರ್ಷ ಬಿಟ್ಟು, ಹದಿನೈದು ವರ್ಷ ಬಿಟ್ಟು ಮತ್ತೆ ಸಿಗಬೇಕು. ದೊಡ್ಡ ನಗರದಲ್ಲಿ ಬಾಡಿಗೆ ಮನೆ ಬದಲಾದ್ರೆ ಆಸಾಮಿ ಕಳೆದುಹೋದ ಅಂತಲೇ ಲೆಕ್ಕ. ಸಣ್ಣ ಊರಲ್ಲಿ ಅವರು ಮನೆ ಖಾಲಿ ಮಾಡಿದ್ರೂ ಎಲ್ಲಿ ಹೋದ್ರು, ಮಗಳನ್ನ ಯಾವ ಊರಿಗೆ ಕೊಟ್ಟಿದ್ದಾರೆ ಅಂತ ಪಕ್ಕದ ಮನೆಯವರು ಹೇಳ್ತಾರೆ.

ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ. ನ್ಯೂಜಿಲೆಂಡಿನ ದಕ್ಷಿಣದ ತುದಿ ಕಡೆ ಡುನೆಡಿನ್ ಅಂತ ಒಂದು ಊರು, ಅಲ್ಲಿ ಒಟಾಗೊ ಯೂನಿವರ್ಸಿಟಿ. 1972-73ರಲ್ಲಿ ಆ ಊರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಲ್ಲಿ 1037 ಜನರನ್ನ ಮೂರನೇ ವಯಸ್ಸಿಂದ ಹಿಡಿದು ಇವತ್ತಿನವರೆಗೂ ಬಿಡದೆ ನೋಡ್ತಾ ಬಂದಿದ್ದಾರೆ, ಹಲ್ಲು, ಶ್ವಾಸಕೋಶ, ಮನಸ್ಸು, ಹೃದಯ ಎಲ್ಲಾ. ಅವರಿಗೆ 45 ವರ್ಷ ಆದಾಗ ಬದುಕಿದ್ದವರಲ್ಲಿ ನೂರಕ್ಕೆ 94 ಜನ ಮತ್ತೆ ಬಂದು ಪರೀಕ್ಷೆ ಮಾಡಿಸ್ಕೊಂಡ್ರು. ಬೇರೆ ದೇಶಕ್ಕೆ ಹೋಗಿ ನೆಲೆಸಿದವರನ್ನೂ ಸ್ಟಡಿಯವರೇ ಪ್ರಯಾಣದ ಖರ್ಚು ಕೊಟ್ಟು ಕರೆಸ್ಕೋತಾರೆ. ನಮ್ಮ ಫೀಲ್ಡಲ್ಲಿ ಇರೋರಿಗೆ ಈ 94 ಅನ್ನೋ ನಂಬರ್ ನೋಡಿದ್ರೆ ಹೊಟ್ಟೆಕಿಚ್ಚೇ ಬರುತ್ತೆ, ಯಾಕಂದ್ರೆ ಎಷ್ಟೋ ಸ್ಟಡಿಗಳಲ್ಲಿ ಎರಡನೇ ಸುತ್ತಿಗೇ ಅರ್ಧ ಜನ ಮಾಯ ಆಗಿರ್ತಾರೆ, ಅದೂ ಮಾಯ ಆಗೋರು ಸಾಮಾನ್ಯವಾಗಿ ಜಾಸ್ತಿ ಕಾಯಿಲೆ ಇರೋರು, ಜಾಸ್ತಿ ಬಡವರು, ಉಳಿದವರನ್ನ ನೋಡಿ ಲೆಕ್ಕ ಹಾಕಿದ್ರೆ ಊರೆಲ್ಲಾ ಆರೋಗ್ಯವಾಗಿದೆ ಅಂತ ಉತ್ತರ ಬರುತ್ತೆ.

ಇನ್ನೊಂದು ನಾರ್ವೆಯ ಟ್ರೊಮ್ಸೊ. ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲಿರೋ ಊರು. ಉತ್ತರದ ಕಡೆಗೆ ಡಾಕ್ಟರುಗಳು ಬಂದು ನಿಲ್ತಾ ಇರ್ಲಿಲ್ಲ, ಅಲ್ಲೇ ಓದಿಸಿದ್ರೆ ಅಲ್ಲೇ ಉಳೀತಾರೆ ಅನ್ನೋ ಲೆಕ್ಕದಲ್ಲಿ ಯೂನಿವರ್ಸಿಟಿ ಮಾಡೋಕೆ 1968ರಲ್ಲಿ ತೀರ್ಮಾನ ಆಯ್ತು, 1972ರಲ್ಲಿ ಶುರುವಾಯ್ತು. ಆ ಭಾಗದ ಗಂಡಸರು ಹಾರ್ಟ್ ಅಟ್ಯಾಕಿನಿಂದ ಸಾಯೋದು ಜಾಸ್ತಿ ಇತ್ತು, ಅದಕ್ಕೇ 1974ರಲ್ಲಿ ಊರಿನ ಗಂಡಸರನ್ನ ಕರೆದು ಪರೀಕ್ಷೆ ಶುರುಮಾಡಿದ್ರು, ಆಮೇಲಿನ ಸುತ್ತುಗಳಲ್ಲಿ ಹೆಂಗಸರೂ ಸೇರಿದ್ರು. 1983ರಲ್ಲಿ ಅವರು ಒಂದು ವಿಚಿತ್ರ ವಿಷಯ ಹೊರಗೆ ಹಾಕಿದ್ರು, ಕಾಫಿ ಜಾಸ್ತಿ ಕುಡಿಯೋರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇದೆ ಅಂತ. ಬೇರೆ ದೇಶಗಳಲ್ಲಿ ಹುಡುಕಿದವರಿಗೆ ಇದು ಒಂದು ಕಡೆ ಸಿಕ್ತು ಒಂದು ಕಡೆ ಸಿಗ್ಲಿಲ್ಲ, ಗೊಂದಲ. ಕೊನೆಗೆ ಗೊತ್ತಾಗಿದ್ದು ಏನಂದ್ರೆ ಆ ಉತ್ತರದ ಜನ ಕಾಫಿಪುಡಿಯನ್ನ ನೀರಲ್ಲೇ ಕುದಿಸಿ ಹಾಗೇ ಬಗ್ಗಿಸ್ಕೊಂಡು ಕುಡೀತಿದ್ರು, ಪುಡಿಯಲ್ಲಿರೋ ಕೆಫೆಸ್ಟಾಲ್ ಅನ್ನೋ ಎಣ್ಣೆಯಂಥ ಅಂಶ ಲೋಟಕ್ಕೆ ಬರ್ತಿತ್ತು, ಪೇಪರ್ ಫಿಲ್ಟರಲ್ಲಿ ಸೋಸಿದ್ರೆ ಅದು ಪೇಪರಲ್ಲೇ ನಿಂತುಬಿಡುತ್ತೆ. ಪೇಪರ್ ಫಿಲ್ಟರಲ್ಲಿ ಸೋಸಿದ ಕಾಫಿ ಕುಡಿಯೋ ದೊಡ್ಡ ನಗರದಲ್ಲೇ ಸ್ಟಡಿ ಮಾಡಿದ್ರೆ ಇದು ಕಣ್ಣಿಗೆ ಬೀಳೋದು ಕಷ್ಟ ಇತ್ತು ಅಂತ ನನ್ನ ಅಂದಾಜು.

ಮೈಸೂರಿನದೂ ಒಂದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಮಗುವಿನ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟಿತ್ತು. ಯಾವ ರಿಸರ್ಚಿಗೂ ಅಂತ ಬರೆದದ್ದಲ್ಲ ಅದು. ಎಷ್ಟೋ ವರ್ಷ ಆದಮೇಲೆ ಅಲ್ಲೇ ಸುತ್ತಮುತ್ತ ಮನೆ ಮನೆಗೆ ಹೋಗಿ, 1934ರಿಂದ 54ರ ಮಧ್ಯೆ ಆ ಆಸ್ಪತ್ರೆಯಲ್ಲಿ ಹುಟ್ಟಿದವರು 517 ಜನರನ್ನ ಹುಡುಕಿ ಹೃದಯ ಪರೀಕ್ಷೆ ಮಾಡಿದ್ರು, ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರ ಜೊತೆ ಸೇರಿ. ಹುಟ್ಟುವಾಗ ಎರಡೂವರೆ ಕೆಜಿ ಒಳಗಿದ್ದವರಿಗೆ ಹೃದಯದ ಕಾಯಿಲೆ ನೂರಕ್ಕೆ 11, ಒಳ್ಳೇ ತೂಕ ಇದ್ದು ಹುಟ್ಟಿದವರಿಗೆ ನೂರಕ್ಕೆ 3. 1996ರಲ್ಲಿ ಲ್ಯಾನ್ಸೆಟ್ ಅನ್ನೋ ಹೆಸರಾಂತ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅದಕ್ಕೆ ಬೇಕಾಗಿದ್ದ ಮೊದಲ ಅಳತೆ ಒಂದು ತಕ್ಕಡಿ, ಒಂದು ಟೇಪು.

ಈಗ ಕೆಟ್ಟದ್ದೂ ಹೇಳ್ಬೇಕಲ್ಲ. ಇಂಥ ಕಡೆ ಜನ ಸಿಗ್ತಾರೆ, ಆದ್ರೆ ಅಳತೆ ಕೈಕೊಡುತ್ತೆ. ನನ್ನ ಹತ್ರ ಒಂದು ಬಿಪಿ ಡೇಟಾ ಬಂದ್ರೆ ನಾನು ಸರಾಸರಿ ಗಿರಾಸರಿ ಏನೂ ನೋಡಲ್ಲ, ಮೊದಲು ಕೊನೇ ಅಂಕಿ ನೋಡ್ತೀನಿ. ಪಾದರಸದ ಮೀಟರಲ್ಲಿ ಗೆರೆಗಳು ಎರಡೆರಡಕ್ಕೆ ಇರುತ್ತೆ, ಹಾಗಾಗಿ ಸರಿಯಾಗಿ ನೋಡಿ ಬರೆದ್ರೆ ಕೊನೇ ಅಂಕಿ 0, 2, 4, 6, 8 ಹೆಚ್ಚುಕಮ್ಮಿ ಸಮಾನವಾಗಿ ಬರಬೇಕು, ನೂರಕ್ಕೆ ಇಪ್ಪತ್ತಿಪ್ಪತ್ತು. ಬರೋ ಶೀಟು ಹೇಗಿರುತ್ತೆ ಅಂದ್ರೆ 120, 130, 120, 140, 110, 120... ಕಾಲಮ್ಮಿನ ತುಂಬಾ ಸೊನ್ನೆ. ಅಳೆದವರಿಗೆ ಮೋಸ ಮಾಡೋ ಉದ್ದೇಶ ಇರಲ್ಲ, ಹೊರಗೆ ಕ್ಯೂ ನಿಂತಿರುತ್ತೆ, ಕಣ್ಣು ಹತ್ತಿರದ ಹತ್ತಕ್ಕೆ ಜಾರುತ್ತೆ ಅಷ್ಟೇ. ಆದ್ರೆ ಒಂದು ಔಷಧಿಯಿಂದ ನಾಲ್ಕೈದು ಪಾಯಿಂಟ್ ಇಳೀತಾ ಅಂತ ನೋಡೋ ಸ್ಟಡಿಯಲ್ಲಿ ಹತ್ತತ್ತಕ್ಕೆ ರೌಂಡ್ ಮಾಡಿದ ಅಳತೆ ತಗೊಂಡು ಏನ್ ಮಾಡೋದು? ಐದು ನಿಮಿಷ ಕೂರಿಸಿ, ತೋಳಿನ ಗಾತ್ರಕ್ಕೆ ಸರಿಯಾದ ಪಟ್ಟಿ ಕಟ್ಟಿ, ಎರಡು ಮೂರು ಸಲ ಅಳೆದು ಬರೆಯೋದು, ಇಷ್ಟು ಮಾಡಿದ್ರೆ ಅದು ದೊಡ್ಡ ಸಂಸ್ಥೆಯ ಡೇಟಾಗೆ ಸಮ.

ಇನ್ನೊಂದು ನನ್ನ ಖಾಸಗಿ ಸಂಕಟ, ಎಲ್ಲಾ ಮುಗಿದಮೇಲೆ ನನ್ನ ಹತ್ರ ಬರ್ತಾರೆ. "ಸರ್, ಥೀಸಿಸ್ ಸಬ್ಮಿಷನ್ ಮುಂದಿನ ವಾರ, ಒಂದು ಪಿ ವ್ಯಾಲ್ಯೂ ಹಾಕಿಕೊಡಿ" ಅಂತ, ಅಂದ್ರೆ ಕಂಡ ವ್ಯತ್ಯಾಸ ಬರೀ ಆಕಸ್ಮಿಕವೋ ಅಲ್ವೋ ಅಂತ ಅಂದಾಜು ಮಾಡೋಕೆ ಬಳಸೋ ಅಂಕಿ. 1938ರಲ್ಲಿ ಭಾರತದ ಮೊದಲ ಸ್ಟ್ಯಾಟಿಸ್ಟಿಕ್ಸ್ ಸಮ್ಮೇಳನದಲ್ಲೇ ಇಂಗ್ಲೆಂಡಿನ ಹೆಸರಾಂತ ಸ್ಟ್ಯಾಟಿಸ್ಟಿಶಿಯನ್ ಆರ್. ಎ. ಫಿಶರ್ ಹೇಳಿದ್ದರು, ಪ್ರಯೋಗ ಮುಗಿದಮೇಲೆ ಸ್ಟ್ಯಾಟಿಸ್ಟಿಶಿಯನ್ ಹತ್ರ ಬಂದ್ರೆ ಆತ ಪೋಸ್ಟ್‌ಮಾರ್ಟಮ್ ಮಾಡಿ ಯಾವುದರಿಂದ ಸತ್ತಿದೆ ಅಂತ ಹೇಳಬಹುದು ಅಷ್ಟೇ ಅಂತ. ನೀವು ಸೇರಿದ್ರೆ ಫಾರ್ಮ್ ಪ್ರಿಂಟ್ ಹಾಕಿಸೋಕೆ ಮುಂಚೆ ಸ್ಟ್ಯಾಟಿಸ್ಟಿಶಿಯನ್ ಒಬ್ಬರನ್ನ ಹಿಡಿದು ಸ್ಟಡಿಗೆ ಎಷ್ಟು ಜನ ಬೇಕು ಅಂತ ಕೇಳಿ.

ಪ್ರೈವಸಿ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಎಲ್ಲರಿಗೂ ಎಲ್ಲರೂ ಗೊತ್ತಿರೋದು ಫಾಲೋಅಪ್‌ಗೆ ಎಷ್ಟು ಅನುಕೂಲವೋ ಗುಟ್ಟು ಕಾಪಾಡೋಕೆ ಅಷ್ಟೇ ಕಷ್ಟ. ಹೆಸರು ಅಳಿಸಿದ್ರೆ ಆಯ್ತು ಅಂದ್ಕೋತಾರೆ, ಆದ್ರೆ ಪುಟ್ಟ ಊರಲ್ಲಿ "ಅವಳಿ ಮಕ್ಕಳಿರೋ, ಇಂಥ ವಯಸ್ಸಿನ ಟೀಚರ್" ಅಂತ ಬರೆದ್ರೆ ಸಾಕು, ಯಾರು ಅಂತ ಊರಿಗೇ ಗೊತ್ತಾಗುತ್ತೆ. ಹಾಗೇ ಚಿಕಿತ್ಸೆ ಕೊಡೋ ಡಾಕ್ಟರೇ ಬಂದು "ಇದಕ್ಕೊಂದು ಸೈನ್ ಹಾಕಮ್ಮ" ಅಂದ್ರೆ ಯಾವ ಪೇಷೆಂಟೂ ಇಲ್ಲ ಅನ್ನಲ್ಲ, ಅದನ್ನ ಒಪ್ಪಿಗೆ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ಒಪ್ಪಿಗೆ ಕೇಳೋರು ಬೇರೆಯವರಾಗಿರ್ಲಿ.

ದುಡ್ಡು ಕೊಟ್ರೆ ವಾರದಲ್ಲಿ ಪ್ರಿಂಟ್ ಮಾಡೋ ಜರ್ನಲ್ಲುಗಳ ಸುದ್ದಿಗೆ ಹೋಗ್ಬೇಡಿ, ಅಷ್ಟು ಸಾಕು ಅದರ ಬಗ್ಗೆ.

ನಿಮ್ಮ ಸೀಟಿನ ವಿಷಯಕ್ಕೆ ಬಂದ್ರೆ, ಸೇರೋ ಮುಂಚೆ ಗೈಡನ್ನ ಒಂದ್ಸಲ ಮುಖತಃ ನೋಡಿ, ಹಿಂದಿನ ಬ್ಯಾಚಿನವರು ಕಲೆಹಾಕಿದ ಡೇಟಾ ಈಗ ಎಲ್ಲಿದೆ, ನಾನು ನೋಡ್ಬಹುದಾ ಅಂತ ಕೇಳಿ. ಕಂಪ್ಯೂಟರ್ ತೆಗೆದು ತೋರಿಸಿದ್ರೆ, ಅಥವಾ ಬೀರು ತೆಗೆದು ಫಾರ್ಮುಗಳ ಕಟ್ಟು ಮುಂದಿಟ್ರೂ ಸರಿ, ಕಣ್ಮುಚ್ಚಿ ಸೇರ್ಕೊಳ್ಳಿ, ಅದೇ ಜನರನ್ನ ಮತ್ತೆ ಹುಡುಕಿಕೊಂಡು ಹೋಗೋದನ್ನೇ ನಿಮ್ಮ ಟಾಪಿಕ್ ಮಾಡ್ಕೊಳ್ಳಿ, ಅರ್ಧ ಕೆಲಸ ಆಗಲೇ ಆಗಿರುತ್ತೆ. "ಅವ್ರು ಪಾಸಾಗಿ ಹೋದ್ರಲ್ಲ, ಪೆನ್‌ಡ್ರೈವ್ ಅವ್ರ ಹತ್ರನೇ ಇರ್ಬೇಕು" ಅಂದ್ರೆ ಮಾತ್ರ ಅದೇ ಡಿಪಾರ್ಟ್‌ಮೆಂಟಲ್ಲಿ ಬೇರೆ ಗೈಡ್ ಸಿಗ್ತಾರಾ ನೋಡಿ, ಸಿಗದಿದ್ರೆ ಆಗ ಗೆಳೆಯರ ಮಾತು ಕೇಳಿ ಒಂದು ವರ್ಷ ಕಾಯಿರಿ.